ಕ್ಷೌರದ ಕತ್ತಿ ಹಿಡಿಯಲು ಕಲಿಯುವುದು: ಹೊಸಬರಿಗೆ ಮೊದಲ ಎರಡು ತಿಂಗಳು

ನನ್ನ ಮೊದಲ ಕ್ಷೌರದ ಕತ್ತಿ ಒಂದೇ ಒಂದು ಕೂದಲನ್ನೂ ತೆಗೆಯದೆ ಹಾಳಾಯಿತು. ಆನ್‌ಲೈನಿನಲ್ಲಿ ತರಿಸಿದ್ದೆ. ಪೆಟ್ಟಿಗೆ ಬಿಚ್ಚಿ ಕೈ ಮೇಲಿನ ರೋಮಕ್ಕೆ ತಾಗಿಸಿದರೆ ಏನೂ ಆಗಲಿಲ್ಲ. ಮಂಗಳೂರಿನ ನಮ್ಮ ಬೀದಿಗೆ ಆಗಾಗ ಸೈಕಲ್ ಚಕ್ರ ತುಳಿದು ಸಾಣೆ ಹಿಡಿಯುವವರೊಬ್ಬರು ಬರುತ್ತಿದ್ದರು. ಮೆಟ್ಟುಕತ್ತಿ, ಕತ್ತರಿ ಎಲ್ಲ ಅವರ ಕೈಯಲ್ಲೇ ಹರಿತವಾಗುತ್ತಿದ್ದವು. ಇದನ್ನೂ ಕೊಟ್ಟೆ. ಕಿಡಿ ಹಾರಿತು. ಎರಡು ನಿಮಿಷದಲ್ಲಿ ಅಲಗಿನ ಅಂಚು ನೀಲಿಗಟ್ಟಿ ಗರಗಸದ ಹಾಗಾಯಿತು.

ತಪ್ಪು ಅವರದ್ದಲ್ಲ, ನನ್ನದು. ಉಕ್ಕು ನೀಲಿ ಬಣ್ಣಕ್ಕೆ ತಿರುಗಿತೆಂದರೆ ಸುಮಾರು 300 ಡಿಗ್ರಿ ಬಿಸಿ ಮುಟ್ಟಿದೆ, ಅಂಚಿನ ಗಟ್ಟಿತನ ಹೋಗಿದೆ ಎಂದರ್ಥ. ಇದು ನನಗೆ ಆಮೇಲೆ ಗೊತ್ತಾಯಿತು. ಕ್ಷೌರದ ಕತ್ತಿಯನ್ನು ತಿರುಗುವ ಸಾಣೆಗೆ ಯಾವತ್ತೂ ಕೊಡಬೇಡಿ. ಈ ಬರಹದಲ್ಲಿ ಬೇರೆ ಏನನ್ನು ಮರೆತರೂ ಇದನ್ನು ಮರೆಯಬೇಡಿ.

ಆ ನೀಲಿ ಕತ್ತಿಯನ್ನು ನಾನು ಗಡ್ಡ ತೆಗೆಸಿಕೊಳ್ಳುವ ಸೆಲೂನಿನ ಅಣ್ಣನಿಗೆ ತೋರಿಸಿದೆ. ಅವರು ನಕ್ಕರು. "ಇದು ಇನ್ನು ಹಲಸಿನ ಮೇಣ ಕೆರೆಯಲಿಕ್ಕೆ ಆದೀತು" ಎಂದರು. ಆಮೇಲೆ ಬಿಡುವಿದ್ದ ಮಂಗಳವಾರಗಳಂದು ನನಗೆ ಪಾಠ ಮಾಡಿದವರೂ ಅವರೇ. ಕೆಳಗಿರುವುದರಲ್ಲಿ ಅರ್ಧ ಅವರು ಹೇಳಿದ್ದು, ಉಳಿದರ್ಧ ನಾನು ಕೊಯ್ದುಕೊಂಡು ಕಲಿತದ್ದು.

ಯಾವ ಕತ್ತಿ ತೆಗೆದುಕೊಳ್ಳಬೇಕು

ನಮ್ಮ ಸೆಲೂನುಗಳಲ್ಲಿ ಈಗ ಕಾಣುವುದು ನಿಜವಾದ ಕತ್ತಿಯಲ್ಲ. ಅದು ಬ್ಲೇಡ್ ಸಿಕ್ಕಿಸುವ ಹಿಡಿ. ಸಾಮಾನ್ಯ ರೇಜರ್ ಬ್ಲೇಡನ್ನು ಎರಡಾಗಿ ಮುರಿದು, ಅರ್ಧವನ್ನು ಅದಕ್ಕೆ ಸಿಕ್ಕಿಸುತ್ತಾರೆ. ಒಬ್ಬರಿಗೆ ಒಂದು ಬ್ಲೇಡು, ಮುಗಿದ ಮೇಲೆ ಕಸಕ್ಕೆ. ರಕ್ತದಿಂದ ಹರಡುವ ಎಚ್‌ಐವಿ, ಹೆಪಟೈಟಿಸ್ ಬಿ ಎಲ್ಲ ಇರುವಾಗ ಸೆಲೂನಿಗೆ ಅದೇ ಸರಿ. ಹಂಪನಕಟ್ಟೆಯ ಸುತ್ತ ಸೆಲೂನ್ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿದರೆ ಕೊಡುವುದೂ ಇದನ್ನೇ. ಶಾವೆಟ್ ಎಂದೂ ಕರೆಯುತ್ತಾರೆ.

ಅಗ್ಗಕ್ಕೆ ಸಿಗುತ್ತದೆ, ಮಸೆಯುವ ತಲೆಬಿಸಿ ಇಲ್ಲ. ಹಾಗಾಗಿ ಎಲ್ಲರೂ ಇದರಿಂದಲೇ ಶುರು ಮಾಡುತ್ತಾರೆ. ಆದರೆ ಕಲಿಯಲು ಇದು ಸುಲಭ ಅಂದುಕೊಳ್ಳಬೇಡಿ. ಆ ಬ್ಲೇಡು ತೆಳ್ಳಗೆ, ವಿಪರೀತ ಹರಿತ, ಮೂಲೆಗಳು ಚೂಪು. ಹಿಡಿಯಲ್ಲಿ ತೂಕವೂ ಇಲ್ಲ, ಹಾಗಾಗಿ ಕೈ ತಾನಾಗಿಯೇ ಒತ್ತುತ್ತದೆ. ನಿಜವಾದ ಕತ್ತಿ ಸಣ್ಣ ತಪ್ಪನ್ನು ಸಹಿಸಿಕೊಳ್ಳುತ್ತದೆ, ಶಾವೆಟ್ ಸಹಿಸುವುದಿಲ್ಲ. ಇದು ನಿಮಗೆ ಒಗ್ಗುತ್ತದಾ ಇಲ್ಲವಾ ಎಂದು ನೋಡಲಷ್ಟೇ ಆದರೆ ಶಾವೆಟ್ ಸಾಕು. ಮುಂದುವರಿಯುವ ಮನಸ್ಸಿದ್ದರೆ ನಿಜವಾದ ಕತ್ತಿಗೇ ದುಡ್ಡು ಹಾಕಿ.

ಕತ್ತಿಯ ಅಗಲವನ್ನು ಇಂಚಿನ ಎಂಟನೇ ಒಂದು ಭಾಗದ ಲೆಕ್ಕದಲ್ಲಿ ಹೇಳುತ್ತಾರೆ. ಹೊಸಬರಿಗೆ 5/8 ಅಥವಾ 6/8 ಸರಿಯಾದ ಅಳತೆ. ಇದಕ್ಕಿಂತ ಅಗಲವಾದದ್ದು ಮೂಗಿನ ಕೆಳಗೆ ಹಿಡಿಸುವುದಿಲ್ಲ. ಮೊನೆ ದುಂಡಗಿರಲಿ. ಚೌಕ ಮೊನೆ ನೋಡಲು ಚಂದ, ಕಿವಿಯ ಹಾಲೆಗೆ ಕೆಟ್ಟದ್ದು. ಜರ್ಮನಿಯ ಜೋಲಿಂಗನ್ ಊರಿನ ಕತ್ತಿಗಳಿಗೆ ಹಳೆಯ ಹೆಸರಿದೆ. ಆ ಊರಿನ ಹೆಸರನ್ನು ಬೇರೆಯವರು ಅಲಗಿನ ಮೇಲೆ ಹಾಕದಂತೆ 1938ರಲ್ಲೇ ಕಾನೂನು ಮಾಡಿದ್ದಾರೆ. ಅಲ್ಲಿನ ಡೋವೊ, ಫ್ರಾನ್ಸಿನ ಟಿಯರ್ಸ್-ಇಸಾರ್ಡ್ ಒಳ್ಳೆಯವೇ, ಬೆಲೆ ಜಾಸ್ತಿ. ಚೀನಾದ ಗೋಲ್ಡ್ ಡಾಲರ್ ಅಗ್ಗ. ಆದರೆ ಅದನ್ನು ಕಲ್ಲಿನ ಮೇಲೆ ಚೆನ್ನಾಗಿ ಮಸೆದ ಮೇಲೆಯೇ ಬಳಸಬೇಕು.

ಯಾವುದನ್ನೇ ಕೊಳ್ಳಿ, ಮಾರುವವರಿಗೆ ಒಂದು ಪ್ರಶ್ನೆ ಕೇಳಿ: ಇದು 'ಶೇವ್ ರೆಡಿ' ಹೌದಾ? ಅಂದರೆ ಯಾರಾದರೂ ಕೈಯಲ್ಲಿ ಮಸೆದು, ಮುಖಕ್ಕೆ ಇಡುವ ಹದಕ್ಕೆ ತಂದಿದ್ದಾರಾ? ಕಾರ್ಖಾನೆಯಿಂದ ಬರುವ ಅಂಚು ಎಷ್ಟೋ ಸಲ ಆ ಹದಕ್ಕೆ ಇರುವುದಿಲ್ಲ. ನಾನು ಎಡವಿದ್ದು ಅಲ್ಲೇ.

ಚರ್ಮದ ಪಟ್ಟಿ

ಕತ್ತಿಯ ಜೊತೆಗೆ ಎರಡೂವರೆ ಇಂಚಿನಿಂದ ಮೂರು ಇಂಚು ಅಗಲದ ಚರ್ಮದ ಪಟ್ಟಿ ಬೇಕೇ ಬೇಕು. ಸ್ಟ್ರಾಪ್ ಎನ್ನುತ್ತಾರೆ. ಮೊದಲನೆಯದು ಅಗ್ಗದ್ದೇ ಇರಲಿ. ಯಾಕೆಂದರೆ ಅದನ್ನು ನೀವು ಕೊಯ್ದೇ ಕೊಯ್ಯುತ್ತೀರಿ.

ಪಟ್ಟಿ ಎಂತಕ್ಕೆ? 2020ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ಇದಕ್ಕೆ ಹತ್ತಿರದ ಒಂದು ವಿಷಯವನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿ, 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಉಕ್ಕು ಕೂದಲಿಗಿಂತ ಸುಮಾರು 50 ಪಟ್ಟು ಗಟ್ಟಿ. ಆದರೂ ಕೂದಲು ಬಾಗಿ ಓರೆಯಾಗಿ ತಾಗಿದಾಗ, ಬ್ಲೇಡಿನ ಅಂಚಿನಿಂದ ಸಣ್ಣ ಚೂರು ಹಾರುತ್ತದೆ. ಅಂಚು ಎಷ್ಟು ನಾಜೂಕು ಎಂದು ಇದರಿಂದ ಗೊತ್ತಾಗುತ್ತದೆ. ಚರ್ಮಕ್ಕೆ ಉಜ್ಜುವುದು ಹೊಸ ಅಂಚು ಕೊಡಲು ಅಲ್ಲ. ಇರುವ ಅಂಚನ್ನು ನೇರ ಮಾಡಿ, ನುಣುಪಾಗಿಸಲು. ಪ್ರತಿ ಸಲ ಶೇವಿಂಗಿಗೆ ಮುಂಚೆ ಇದು ಆಗಲೇಬೇಕು.

ಪಟ್ಟಿಯ ಒಂದು ತುದಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಎಡಗೈಯಲ್ಲಿ ಬಿಗಿಯಾಗಿ ಎಳೆದು ಹಿಡಿಯಿರಿ. ಪಟ್ಟಿ ಜೋಲಬಾರದು. ಜೋತರೆ ಅಂಚು ದುಂಡಗಾಗುತ್ತದೆ. ಕತ್ತಿಯನ್ನು ಮಲಗಿಸಿ ಇಡಿ. ಬೆನ್ನು, ಅಲಗು ಎರಡೂ ಚರ್ಮಕ್ಕೆ ತಾಗಿರಬೇಕು. ಬೆನ್ನು ಮುಂದೆ, ಅಲಗು ಹಿಂದೆ. ಹೀಗೆ ತಳ್ಳಿ. ತುದಿ ಮುಟ್ಟಿದಾಗ ಕತ್ತಿಯನ್ನು ಬೆನ್ನಿನ ಮೇಲೆಯೇ ಹೊರಳಿಸಿ, ಈಗ ಬೆನ್ನು ನಿಮ್ಮ ಕಡೆಗೆ. ಎಳೆದುಕೊಳ್ಳಿ. ಒಂದು ಹೋಗಿ ಬಂದದ್ದಕ್ಕೆ ಒಂದು ಲೆಕ್ಕ. 40ರಿಂದ 60 ಸಲ ಸಾಕು. ಅಲಗಿನ ಮೇಲೆ ಹೊರಳಿಸಿದಿರೋ, ಪಟ್ಟಿಯೂ ಹೋಯಿತು, ಅಂಚೂ ಹೋಯಿತು.

ಸಿನಿಮಾದಲ್ಲಿ ತೋರಿಸುವ ಹಾಗೆ ಪಟಪಟ ಬಡಿಯಬೇಡಿ. ವೇಗಕ್ಕೆ ಇಲ್ಲಿ ಬೆಲೆಯೇ ಇಲ್ಲ. ನಾನು ಮೊದಲ ವಾರ ಬ್ರೆಡ್ಡಿಗೆ ಬೆಣ್ಣೆ ಹಚ್ಚುವ ಚಾಕುವಿನಲ್ಲಿ ಹೊರಳಿಸುವುದನ್ನು ಅಭ್ಯಾಸ ಮಾಡಿದೆ. ಮನೆಯವರಿಗೆ ತಮಾಷೆ. ಆದರೂ ಎರಡನೇ ವಾರ ಪಟ್ಟಿಯ ಅಂಚಿನಿಂದ ಒಂದು ಸಿಪ್ಪೆ ಎದ್ದಿತು ಬಿಡಿ.

ಮೊದಲು ಕುಂಬಳಕಾಯಿಯ ಗಡ್ಡ

ಸೆಲೂನಿನಲ್ಲಿ ಕೆಲಸ ಕಲಿಯುವ ಹುಡುಗರು ಬಲೂನಿಗೆ ನೊರೆ ಹಚ್ಚಿ ಕೆರೆಯುವುದುಂಟು. ಅದು ಒಡೆದರೆ ಗೋಡೆಯೆಲ್ಲ ನೊರೆ. ನನಗೆ ಸಿಕ್ಕಿದ ಉಪಾಯ ಬೇರೆ: ಎಳೆಯ ಬೂದುಗುಂಬಳ. ಎಳೆಯದರ ಮೈ ತುಂಬ ಚುಚ್ಚುವ ರೋಮ ಇರುತ್ತದೆ. ಅದಕ್ಕೆ ನೊರೆ ಹಚ್ಚಿ, ಹಸಿರು ಸಿಪ್ಪೆಗೆ ಗೀರು ಬೀಳದ ಹಾಗೆ ರೋಮ ಮಾತ್ರ ತೆಗೆಯಿರಿ. ಗೀರಿದಲ್ಲಿ ರಸ ಜಿನುಗುತ್ತದೆ. ಎಲ್ಲಿ ತಪ್ಪಿತು ಎಂದು ಕೂಡಲೇ ಗೊತ್ತಾಗುತ್ತದೆ. ಇದಕ್ಕೆ ಒಳ್ಳೆಯ ಕತ್ತಿ ಬೇಡ, ಶಾವೆಟ್ಟಿಗೆ ಹಳೆಯ ಬ್ಲೇಡು ಸಿಕ್ಕಿಸಿ ಮಾಡಿ. ಚೆನ್ನಾಗಿ ತೊಳೆದು ಸಿಪ್ಪೆ ತೆಗೆದರೆ, ಮಧ್ಯಾಹ್ನ ಅದೇ ಕಾಯಿಯ ಮಜ್ಜಿಗೆಹುಳಿ.

ಹಿಡಿಯುವ ರೀತಿಯನ್ನೂ ಇಲ್ಲೇ ಕಲಿಯಬಹುದು. ಕತ್ತಿಯನ್ನು ಪೂರ್ತಿ ಬಿಡಿಸಿ, ಹಿಡಿ ಮೇಲಕ್ಕೆ ನಿಲ್ಲುವಷ್ಟು. ಅಲಗಿಗೂ ಹಿಡಿಗೂ ನಡುವಿನ ಸಣ್ಣ ಕತ್ತಿನ ಭಾಗದಲ್ಲಿ, ಕೆಳಗೆ ಹೆಬ್ಬೆರಳು, ಮೇಲೆ ಮೂರು ಬೆರಳು. ಕಿರುಬೆರಳು ಹಿಂದೆ ಚಾಚಿಕೊಂಡ ಬಾಲದ ಮೇಲೆ. ಮುಷ್ಟಿ ಬಿಗಿಯಬೇಡಿ.

ಇನ್ನೊಂದು ಮಾತು. ಮೆಟ್ಟುಕತ್ತಿಯಲ್ಲಿ ಬಸಳೆ ದಂಟು ಕೊಚ್ಚುವುದನ್ನು ನೋಡಿದ್ದೀರಲ್ವಾ? ದಂಟನ್ನು ಅಲಗಿನ ಉದ್ದಕ್ಕೆ ಜಾರಿಸುತ್ತಾರೆ, ಆಗಲೇ ಅದು ಸಲೀಸಾಗಿ ಕೊಯ್ಯುತ್ತದೆ. ಮುಖದ ಮೇಲೆ ಆಗಬಾರದ್ದು ಅದೇ. ಅಲಗು ತನ್ನ ಉದ್ದಕ್ಕೆ ಒಂದು ಕೂದಲೆಳೆಯಷ್ಟು ಜಾರಿದರೂ ಚರ್ಮ ಬಾಯಿ ಬಿಡುತ್ತದೆ. ಕತ್ತಿ ಅಂಚಿಗೆ ಅಡ್ಡಲಾಗಿ, ನೇರ ಮುಂದಕ್ಕೆ ಮಾತ್ರ ಚಲಿಸಬೇಕು.

ನೀರು, ನೊರೆ

ಬಿಸಿನೀರಿನ ಸ್ನಾನ ಮುಗಿಸಿ ಬಂದ ಕೂಡಲೇ ಶುರು ಮಾಡುವುದು ಒಳ್ಳೆಯದು. ಬಿಸಿನೀರಿನಲ್ಲಿ ಎರಡು ಮೂರು ನಿಮಿಷ ನೆಂದ ಕೂದಲು ಮೆತ್ತಗಾಗುತ್ತದೆ. ಸ್ನಾನ ಆಮೇಲೆ ಎನ್ನುವವರು ಬಿಸಿ ಬಟ್ಟೆಯನ್ನಾದರೂ ಮುಖಕ್ಕೆ ಒತ್ತಿಕೊಳ್ಳಿ.

ನೀರಿನ ವಿಷಯದಲ್ಲಿ ನಾವು ಪುಣ್ಯವಂತರು. ಮಂಗಳೂರಿನ ನಳ್ಳಿಗೆ ತುಂಬೆಯ ಅಣೆಕಟ್ಟೆಯಿಂದ ನೇತ್ರಾವತಿಯ ನೀರು, ಉಡುಪಿಗೆ ಬಜೆಯಿಂದ ಸ್ವರ್ಣೆಯ ನೀರು. ಎರಡರಲ್ಲೂ ಸೋಪು ಚೆನ್ನಾಗಿ ನೊರೆ ಬರುತ್ತದೆ. ಬೋರ್‌ವೆಲ್ಲಿನ ಗಡಸು ನೀರಾದರೆ ಸೋಪು ಸ್ವಲ್ಪ ಜಾಸ್ತಿ ಬೇಕು.

ಡಬ್ಬಿಯಿಂದ ಬುಸ್ಸೆಂದು ಬರುವ ಫೋಮ್ ಬೇಡ. ಅದರಲ್ಲಿ ಗಾಳಿಯೇ ಜಾಸ್ತಿ, ಕತ್ತಿ ಜಾರಲು ಬೇಕಾದ ಅಂಟು ನುಣುಪು ಇಲ್ಲ. ಶೇವಿಂಗ್ ಸೋಪು ಅಥವಾ ಕ್ರೀಮನ್ನು ಬ್ರಶ್ಶಿನಲ್ಲಿ ತಿರುವಿ, ಹನಿ ಹನಿಯಾಗಿ ನೀರು ಸೇರಿಸಿ. ನೀರುದೋಸೆ ಹಿಟ್ಟಿನ ಹಾಗೆ ಹರಿಯಬಾರದು. ವಡೆಗೆ ರುಬ್ಬಿದ ಉದ್ದಿನ ಹಿಟ್ಟು ಇರುತ್ತದಲ್ಲ, ಎತ್ತಿದರೆ ಕೊಕ್ಕಿನ ಹಾಗೆ ನಿಲ್ಲುವಂಥದ್ದು, ಆ ಹದ. ಬ್ರಶ್ಶು ಸಿಂಥೆಟಿಕ್ ಆದರೆ ನಮ್ಮ ಮಳೆಗಾಲದಲ್ಲೂ ಬೇಗ ಒಣಗುತ್ತದೆ.

ಫ್ಯಾನ್ ಆರಿಸಿ. ಇಲ್ಲದಿದ್ದರೆ ಒಂದು ಕೆನ್ನೆ ಮುಗಿಯುವಷ್ಟರಲ್ಲಿ ಇನ್ನೊಂದರ ನೊರೆ ಒಣಗಿರುತ್ತದೆ.

ಕೆನ್ನೆಯಿಂದ ಶುರು

ಇದಕ್ಕೂ ಮುಂಚೆ ಒಂದು ಕೆಲಸ. ಮೂರು ದಿನ ಗಡ್ಡ ಬಿಟ್ಟು, ಅಂಗೈಯಿಂದ ನಾಲ್ಕೂ ದಿಕ್ಕಿಗೆ ಸವರಿ ನೋಡಿ. ಎಲ್ಲಿ ನುಣುಪೋ ಅದು ಕೂದಲಿನ ದಿಕ್ಕು, ಎಲ್ಲಿ ಚುಚ್ಚುತ್ತದೋ ಅದು ಎದುರು. ಒಂದು ಚೀಟಿಯಲ್ಲಿ ಮುಖ ಬರೆದು ಬಾಣ ಹಾಕಿಕೊಳ್ಳಿ. ಕೆನ್ನೆಯಲ್ಲಿ ಹೆಚ್ಚಾಗಿ ಕೆಳಮುಖ. ಕುತ್ತಿಗೆಯಲ್ಲಿ ಮಾತ್ರ ಒಬ್ಬೊಬ್ಬರದ್ದು ಒಂದೊಂದು. ನನ್ನದು ಎಡಗಡೆ ಮೇಲಕ್ಕೆ, ಬಲಗಡೆ ಕಿವಿಯ ಕಡೆಗೆ ಬೆಳೆಯುತ್ತದೆ. ಇಪ್ಪತ್ತು ವರ್ಷ ಶೇವ್ ಮಾಡಿಯೂ ನನಗದು ಗೊತ್ತಿರಲಿಲ್ಲ.

ಮೊದಲ ದಿನ ಬಲ ಕೆನ್ನೆ ಮಾತ್ರ. ಕೃತಾದ ಕೆಳಗಿನಿಂದ ದವಡೆಯ ಮೂಳೆಯ ತನಕ. ಉಳಿದದ್ದನ್ನು ನಿಮ್ಮ ಹಳೆಯ ರೇಜರಿನಲ್ಲಿ ಮುಗಿಸಿ. ಇದರಲ್ಲಿ ನಾಚಿಕೆ ಏನಿಲ್ಲ. ಎರಡು ವಾರ ಕೆನ್ನೆಗಳು ಮಾತ್ರ, ಮೂರು ಮತ್ತು ನಾಲ್ಕನೇ ವಾರ ಕುತ್ತಿಗೆ ಸೇರಲಿ, ಮೀಸೆಯ ಜಾಗ ಮತ್ತು ಗದ್ದ ಅದಾದ ಮೇಲೆ. ಒಂದೇ ದಿನ ಇಡೀ ಮುಖ ಮುಗಿಸುತ್ತೇನೆ ಎಂದು ಹೊರಟವರು ಗದ್ದಕ್ಕೆ ಬಂದಾಗ ಕೈ ಸೋತಿರುತ್ತದೆ, ನೊರೆ ಒಣಗಿರುತ್ತದೆ, ಅಲ್ಲೇ ಕೊಯ್ದುಕೊಳ್ಳುತ್ತಾರೆ.

ಕತ್ತಿ ಬಲಗೈಯಲ್ಲಿದೆ. ಅದನ್ನು ಈಗ ಮರೆತುಬಿಡಿ. ಎಡಗೈಯನ್ನು ತಲೆಯ ಮೇಲಿನಿಂದ ತಂದು, ಕೃತಾದ ಮೇಲಿನ ಚರ್ಮವನ್ನು ಮೇಲಕ್ಕೆ ಎಳೆಯಿರಿ. ಕೆನ್ನೆ ತಮಟೆಯ ಚರ್ಮದ ಹಾಗೆ ಬಿಗಿಯಾಗಬೇಕು. ಸೆಲೂನಿನ ಅಣ್ಣ ನನಗೆ ತಿಂಗಳುಗಟ್ಟಲೆ ಹೇಳಿದ್ದು ಇದೊಂದನ್ನೇ: "ಕತ್ತಿ ನೋಡಬೇಡಿ, ಎಡಗೈ ನೋಡಿ." ಅವರು ಕೆಲಸ ಮಾಡುವಾಗ ಗಮನಿಸಿ. ಬಲಗೈ ಸುಮ್ನೆ ಇಳಿಯುತ್ತಿರುತ್ತದೆ. ಎಡಗೈಯ ಬೆರಳುಗಳು ಮಾತ್ರ ಪ್ರತಿ ಎಳೆತಕ್ಕೂ ಜಾಗ ಬದಲಿಸುತ್ತವೆ. ಬಿಗಿ ಇಲ್ಲದ ಚರ್ಮ ಅಲಗಿನ ಮುಂದೆ ಮಡಿಕೆಯಾಗಿ ಏಳುತ್ತದೆ, ಅಲಗು ಆ ಮಡಿಕೆಯನ್ನೇ ಕೊಯ್ಯುತ್ತದೆ. ಕೂದಲು ಬಾಗುವುದೂ ಅಲ್ಲೇ, ಅಂಚು ಚೂರಾಗುವುದೂ ಅಲ್ಲೇ.

ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಬೆವರು ಮತ್ತು ಸೋಪು ಸೇರಿ ಬೆರಳು ಜಾರುತ್ತದೆ. ಆಗ ಎಡಗೈಯ ಬೆರಳ ತುದಿಯನ್ನು ಒದ್ದೆ ಪಟಿಕಕ್ಕೆ ಉಜ್ಜಿಕೊಳ್ಳಿ. ಚರ್ಮ ಕಚ್ಚಿ ಹಿಡಿದ ಹಾಗೆ ಸಿಗುತ್ತದೆ.

ಈಗ ಕತ್ತಿ. ಮೊದಲು ಅದನ್ನು ಕೆನ್ನೆಗೆ ಪೂರ್ತಿ ಮಲಗಿಸಿ. ಬಳಿಕ ಬೆನ್ನನ್ನು ಸ್ವಲ್ಪ ಎತ್ತಿ. ಬೆನ್ನಿಗೂ ಚರ್ಮಕ್ಕೂ ನಡುವೆ ಬೆನ್ನಿನದೇ ದಪ್ಪದ ಎರಡರಷ್ಟು ಸಂದು ಇದ್ದರೆ, ಹೆಚ್ಚು ಕಡಿಮೆ 30 ಡಿಗ್ರಿ ಓರೆ ಬರುತ್ತದೆ. ಇದಕ್ಕಿಂತ ಎತ್ತಿದರೆ ಕೊಯ್ಯುತ್ತದೆ, ತೀರಾ ಮಲಗಿಸಿದರೆ ಕೂದಲನ್ನು ಕತ್ತರಿಸದೆ ಎಳೆಯುತ್ತದೆ. ಒಂದು ಇಂಚಿನ ಸಣ್ಣ ಎಳೆತಗಳು. ಒತ್ತಡ ಬೇಡ. ಕತ್ತಿಯ ಭಾರವೇ ಸಾಕು. ಸರಿಯಾಗಿ ಆಗುತ್ತಿದ್ದರೆ ಸಣ್ಣಗೆ ಕರಕರ ಸದ್ದು ಕೇಳುತ್ತದೆ. ಕೂದಲು ಎಳೆದು ನೋವಾದರೆ ಮುಂದುವರಿಸಬೇಡಿ. ಒತ್ತಿದರೆ ಸರಿಯಾಗುತ್ತದೆ ಅನ್ನಿಸುತ್ತದೆ, ಆಗುವುದಿಲ್ಲ ಮಾರಾಯ್ರೇ. ಓರೆ ತಪ್ಪಿದೆ, ಇಲ್ಲವೇ ಕತ್ತಿಗೆ ಹರಿತ ಇಲ್ಲ.

ಎಡ ಕೆನ್ನೆಗೆ ಯಾವ ಕೈ? ನಾನು ಮೊದಲ ದಿನದಿಂದಲೇ ಎಡಗೈಗೆ ಕತ್ತಿ ಕೊಟ್ಟೆ. ಆ ಹೊತ್ತಿಗೆ ಎರಡೂ ಕೈ ಅಷ್ಟೇ ದಡ್ಡ, ಒಟ್ಟಿಗೇ ಕಲಿಯುತ್ತವೆ. ಬಲಗೈಯಲ್ಲೇ ಮಾಡುವವರೂ ಇದ್ದಾರೆ. ಆದರೆ ತೋಳು ಕನ್ನಡಿಯನ್ನು ಮರೆಮಾಡುತ್ತದೆ.

ಕುತ್ತಿಗೆ, ಗದ್ದ, ಮೀಸೆಯ ಜಾಗ

ಕುತ್ತಿಗೆಗೆ ತಲೆ ಹಿಂದಕ್ಕೆ ವಾಲಿಸಿ, ಎಡಗೈಯಿಂದ ಚರ್ಮವನ್ನು ಕೆಳಕ್ಕೆ ಎಳೆಯಿರಿ. ಗಂಟಲಮಣಿಯ ಮೇಲೆ ನೇರವಾಗಿ ಬರಬೇಡಿ. ಒಂದು ಸಲ ಎಂಜಲು ನುಂಗಿ ಹಿಡಿದರೆ ಮಣಿ ಮೇಲೇರುತ್ತದೆ. ಅಥವಾ ಅಲ್ಲಿನ ಚರ್ಮವನ್ನು ಬೆರಳಿನಿಂದ ಪಕ್ಕಕ್ಕೆ ಎಳೆದು, ಸಮತಟ್ಟಾದ ಜಾಗದಲ್ಲಿ ಬೋಳಿಸಿ.

ಗದ್ದವೇ ಎಲ್ಲಕ್ಕಿಂತ ಕಷ್ಟ. ಕೂದಲು ದಪ್ಪ, ಮೂಳೆ ದುಂಡಗೆ. ಕೆಳತುಟಿಯನ್ನು ಹಲ್ಲಿನ ಮೇಲಕ್ಕೆ ಮಡಚಿಕೊಂಡರೆ ಚರ್ಮ ಬಿಗಿಯಾಗುತ್ತದೆ. ಅರ್ಧ ಇಂಚಿನ ಎಳೆತ ಸಾಕು. ನಾನು ಇಲ್ಲಿ ಮೂರು ವಾರ ಒದ್ದಾಡಿದೆ. ಗದ್ದಕ್ಕೆ ಎರಡನೇ ಸಲ ನೊರೆ ಹಚ್ಚಿ, ಬಿಸಿನೀರಿನ ಬಟ್ಟೆ ಒತ್ತಿದ ಮೇಲೆ ಸ್ವಲ್ಪ ಸುಧಾರಿಸಿತು.

ಮೀಸೆ ಇಟ್ಟವರಿಗೆ ಒಂದು ತಲೆನೋವು ಕಡಿಮೆ. ಇಡದವರು ಮೂಗನ್ನು ಸ್ವಲ್ಪ ಮೇಲಕ್ಕೆತ್ತಿ, ಮೇಲ್ತುಟಿಯನ್ನು ಕೆಳಕ್ಕೆ ಬಿಗಿಹಿಡಿಯಿರಿ. ಇಲ್ಲಿ ಮಾತ್ರ ಓರೆ ಸ್ವಲ್ಪ ಜಾಸ್ತಿ ಆಗುತ್ತದೆ, ಬೇರೆ ದಾರಿಯಿಲ್ಲ.

ಒಮ್ಮೆ ಕೂದಲಿನ ದಿಕ್ಕಿಗೆ ಮುಗಿಸಿ, ಮತ್ತೆ ನೊರೆ ಹಚ್ಚಿ ಅಡ್ಡಲಾಗಿ ಎರಡನೇ ಸುತ್ತು. ಅಷ್ಟಕ್ಕೆ ನಿಲ್ಲಿಸಿ. ಎದುರು ದಿಕ್ಕಿಗೆ ಮೊದಲ ಎರಡು ತಿಂಗಳು ಹೋಗಲೇಬೇಡಿ. ಗುಳ್ಳೆ, ಒಳಗೇ ಬೆಳೆಯುವ ಕೂದಲು ಎಲ್ಲ ಹೆಚ್ಚಾಗಿ ಆ ಆಸೆಯಿಂದಲೇ.

ಕೊಯ್ದರೆ

ಕೊಯ್ಯುತ್ತದೆ. ತಣ್ಣೀರು ಹಾಕಿ, ಶುದ್ಧ ಬಟ್ಟೆ ಒತ್ತಿ ಹಿಡಿದು, ಪಟಿಕ ಸವರಿ. ಸಣ್ಣ ಗೀರುಗಳು ಐದು ನಿಮಿಷದಲ್ಲಿ ನಿಲ್ಲುತ್ತವೆ. ಹತ್ತು ಹದಿನೈದು ನಿಮಿಷ ಒತ್ತಿ ಹಿಡಿದರೂ ನಿಲ್ಲದಿದ್ದರೆ, ಗಾಯ ಬಾಯಿ ಬಿಟ್ಟಿದ್ದರೆ, ಡಾಕ್ಟರ ಹತ್ತಿರ ಹೋಗಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಕೈ ನಡುಗುವವರು ಈ ಹವ್ಯಾಸಕ್ಕೆ ಬರದಿರುವುದೇ ಒಳ್ಳೆಯದು. ಮೊಡವೆ ಎದ್ದ ಜಾಗವನ್ನು ಆ ದಿನ ಬಿಟ್ಟುಬಿಡಿ.

ಗಾಯ ಇಲ್ಲದಿದ್ದರೂ ಕೊನೆಗೆ ಇಡೀ ಮುಖಕ್ಕೆ ಪಟಿಕ ಸವರುವುದು ನನ್ನ ಅಭ್ಯಾಸ. ಎಲ್ಲಿ ಉರಿಯುತ್ತದೋ ಅಲ್ಲಿ ಒತ್ತಿದ್ದೇನೆ ಎಂದು ಅರ್ಥ.

ಕತ್ತಿ ಕೈಯಿಂದ ಜಾರಿದರೆ ಹಿಡಿಯಲು ಹೋಗಬೇಡಿ. ಕಾಲು ಹಿಂದಕ್ಕೆ ತೆಗೆದುಕೊಂಡು ಬೀಳಲು ಬಿಡಿ. ಮಕ್ಕಳಿರುವ ಮನೆಯಲ್ಲಿ ಬಾಗಿಲಿಗೆ ಚಿಲಕ ಹಾಕಿಕೊಂಡೇ ಶೇವ್ ಮಾಡಿ. ನಿಮ್ಮ ಕತ್ತಿ ನಿಮಗೊಬ್ಬರಿಗೇ. ಅಣ್ಣ ತಮ್ಮ, ಅಪ್ಪ ಮಗ ಎಂದು ಹಂಚಿಕೊಳ್ಳುವುದು ಬೇಡ.

ಉಪ್ಪುಗಾಳಿ ಮತ್ತು ಮಳೆಗಾಲ

ಒಳನಾಡಿನವರು ಬರೆದ ಮಾರ್ಗದರ್ಶಿಗಳಲ್ಲಿ ಈ ಭಾಗ ಎರಡೇ ಸಾಲು ಇರುತ್ತದೆ. ಪಣಂಬೂರಿನಲ್ಲೋ ಮಲ್ಪೆಯಲ್ಲೋ ಮನೆ ಇದ್ದವರಿಗೆ ಎರಡು ಸಾಲು ಸಾಲದು. ಹೆಚ್ಚಿನ ಕತ್ತಿಗಳು ಕಾರ್ಬನ್ ಉಕ್ಕಿನವು, ಸ್ಟೇನ್‌ಲೆಸ್ ಅಲ್ಲ. ಜೂನಿನಿಂದ ಸೆಪ್ಟೆಂಬರ್ ತನಕ, ಒಂದು ರಾತ್ರಿ ಒದ್ದೆ ಇಟ್ಟರೆ ಬೆಳಿಗ್ಗೆ ಕಂದು ಚುಕ್ಕೆ ಸಿದ್ಧ. ಚುಕ್ಕೆ ಬೆನ್ನಿನ ಮೇಲಿದ್ದರೆ ಉಜ್ಜಬಹುದು. ಅಂಚಿನಲ್ಲಿ ಬಂದರೆ ಮತ್ತೆ ಕಲ್ಲಿಗೇ ಹೋಗಬೇಕು.

ಮುಗಿದ ಕೂಡಲೇ ಅಲಗನ್ನು ಬಿಸಿನೀರಿನಲ್ಲಿ ತೊಳೆಯಿರಿ. ನಳ್ಳಿಗೆ ಕುಟ್ಟಬೇಡಿ. ಹತ್ತಿ ಬಟ್ಟೆಯಿಂದ, ಬೆನ್ನಿನಿಂದ ಅಂಚಿನ ಕಡೆಗೆ ಒರೆಸಿ. ಹಿಡಿಯ ಎರಡು ಹಾಳೆಗಳ ನಡುವೆಯೂ ನೀರು ನಿಂತಿರುತ್ತದೆ, ಒಂದು ಟಿಶ್ಯೂ ತೂರಿಸಿ ಎಳೆಯಿರಿ. ಮೊಳೆ ಇರುವಲ್ಲಿ ತುಕ್ಕು ಮೊದಲು ಕೂರುವುದು. ಆಮೇಲೆ ಚರ್ಮಕ್ಕೆ ಹತ್ತು ಸಲ ಉಜ್ಜಿದರೆ ಅಂಚಿನ ಕೊನೆಯ ತೇವವೂ ಹೋಗುತ್ತದೆ.

ಎಣ್ಣೆ ಎಂದರೆ ನಮ್ಮ ಕೈ ಮೊದಲು ಹೋಗುವುದು ತೆಂಗಿನೆಣ್ಣೆಗೆ. ನಾನೂ ಹಾಕಿದೆ. ಕೆಲವು ವಾರ ಬಿಟ್ಟು ತೆಗೆದಾಗ ಅಲಗಿಗೆ ಕಮಟು ವಾಸನೆ, ಕೈಗೆ ಅಂಟು. ಹೊಲಿಗೆ ಮೆಷಿನ್ನಿನ ಎಣ್ಣೆ ಒಂದು ಹನಿ ಸಾಕು, ಅದು ಕಮಟುವುದಿಲ್ಲ. ಮರುದಿನ ಬಳಸುವ ಮುಂಚೆ ಒರೆಸಿಬಿಡಿ. ಕತ್ತಿಯನ್ನು ಬಚ್ಚಲಿನಲ್ಲಿ ಇಡಬೇಡಿ. ಮಲಗುವ ಕೋಣೆಯ ಕಪಾಟಿನಲ್ಲಿ, ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ, ಒಂದು ಡಬ್ಬಿಯಲ್ಲಿ. ಚರ್ಮದ ಪಟ್ಟಿಗೂ ಆಟಿ ತಿಂಗಳಲ್ಲಿ ಬೂಷ್ಟು ಹಿಡಿಯುತ್ತದೆ. ಅದನ್ನೂ ಒಳಗೇ ತೂಗುಹಾಕಿ, ಒಣಬಟ್ಟೆಯಿಂದ ಆಗಾಗ ಒರೆಸುತ್ತಿರಿ.

ಮತ್ತೆ ಮಸೆಯುವುದು ಯಾವಾಗ

ದಿನಾ ಬಳಸಿದರೆ ಎರಡು ಮೂರು ತಿಂಗಳಿಗೊಮ್ಮೆ, ಸರಿಯಾಗಿ ನೋಡಿಕೊಂಡರೆ ಇನ್ನೂ ತಡವಾಗಿ. ಚರ್ಮಕ್ಕೆ ಎಷ್ಟು ಉಜ್ಜಿದರೂ ಕೂದಲು ಎಳೆಯುತ್ತಿದೆ ಎಂದರೆ ಹೊತ್ತು ಬಂದಿದೆ. ಅದಕ್ಕೆ ಸಮತಟ್ಟಾದ ಸಾಣೆಕಲ್ಲು, ನೀರು, ತಾಳ್ಮೆ. ಕಲ್ಲು ಎಷ್ಟು ನುಣುಪು ಎಂಬುದನ್ನು ಗ್ರಿಟ್ ಎಂಬ ಸಂಖ್ಯೆಯಲ್ಲಿ ಹೇಳುತ್ತಾರೆ, ಸಂಖ್ಯೆ ಹೆಚ್ಚಾದಷ್ಟೂ ನುಣುಪು. ಅಂಚಿಗೆ ಹೊಸ ಆಕಾರ ಕೊಡುವುದಾದರೆ 1000 ಗ್ರಿಟ್ಟಿನಿಂದ ಶುರುಮಾಡಿ 4000, 8000, 12000ದ ತನಕ ಹೋಗಬೇಕು. ಸ್ವಲ್ಪ ಮಂದವಾದ ಅಂಚಿಗೆ 12000 ಒಂದೇ ಸಾಕಾಗುವುದುಂಟು. ಇಲ್ಲಿ ಚಲನೆ ಚರ್ಮದ ಪಟ್ಟಿಗೆ ತದ್ವಿರುದ್ಧ, ಅಲಗು ಮುಂದೆ. ಬೆನ್ನು ಕಲ್ಲಿನಿಂದ ಏಳಬಾರದು. ಓರೆ ಎಷ್ಟಿರಬೇಕು ಎಂದು ನೀವು ಲೆಕ್ಕ ಹಾಕಬೇಕಿಲ್ಲ, ಬೆನ್ನಿನ ದಪ್ಪವೇ ಅದನ್ನು ಕಾಯುತ್ತದೆ.

ಮೊದಲ ವರ್ಷ ಇದನ್ನು ಬಲ್ಲವರಿಗೇ ಕಳಿಸಿ. ನಾನು ಕಳಿಸುತ್ತೇನೆ. ಆ ಹತ್ತು ಹದಿನೈದು ದಿನ ಶಾವೆಟ್ಟಿನಲ್ಲಿ ಕಾಲ ಹಾಕುತ್ತೇನೆ, ಇಲ್ಲವೇ ಸೆಲೂನಿಗೆ ಹೋಗಿ ಕೂರುತ್ತೇನೆ. ಮೊನ್ನೆ ಹೋದಾಗ ಆ ಅಣ್ಣ ನನ್ನ ಮುಖ ಹಿಡಿದು ಬೆಳಕಿಗೆ ತಿರುಗಿಸಿ, ಎಡ ದವಡೆಯ ಕೆಳಗೆ ಹೆಬ್ಬೆರಳಿನಿಂದ ಸವರಿದರು. "ಇಲ್ಲಿ ಇನ್ನೂ ಚರ್ಮ ಎಳೆಯುವುದಿಲ್ಲ ನೀವು" ಎಂದರು.